ಕ್ರೈಸ್ತ ನಂಬಿಕೆ ಮತ್ತು ನೈತಿಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಜಗಳಗಳಲ್ಲಿ ಹೆಚ್ಚಿನವು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟು ಕಟ್ಟುವುದರಿಂದ ಹುಟ್ಟುತ್ತವೆ. ಒಳ್ಳೆಯದು ಯಾವುದೆಂದು ನಮಗೆ ತಿಳಿಯುವುದು ಹೇಗೆ? ಅದು ಒಳ್ಳೆಯದಾಗಿರುವುದು ಯಾವುದರ ಆಧಾರದಿಂದ? ತಿಳಿದ ಮೇಲೂ ಅದರಂತೆ ನಡೆಯಲು ಶಕ್ತಿ ಎಲ್ಲಿಂದ? ಕ್ರೈಸ್ತ ಧರ್ಮ ಈ ಮೂರಕ್ಕೂ ಒಂದೇ ಉತ್ತರ ಕೊಡುವುದಿಲ್ಲ. ನಿಮ್ಮ ಪ್ರಶ್ನೆ ಇವುಗಳಲ್ಲಿ ಯಾವುದು ಎಂದು ಮೊದಲು ನೋಡಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ದೇವರನ್ನು ನಂಬದವರು ಒಳ್ಳೆಯವರಾಗಿರಲಾರರು ಎಂದು ಕ್ರೈಸ್ತ ಧರ್ಮ ಹೇಳುತ್ತದೆಯೇ?

ಇಲ್ಲ. ಹಾಗೆ ಹೇಳುವ ಬೋಧಕರಿದ್ದಾರೆ, ಆದರೆ ಅವರ ಮಾತಿಗೆ ಅವರದೇ ಗ್ರಂಥ ಅಡ್ಡ ಬರುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ (2:14-15) ಆದಿ ಚರ್ಚಿನ ಬೋಧಕ ಪೌಲ, ಧರ್ಮಶಾಸ್ತ್ರ (ಮೋಶೆಯ ಮೂಲಕ ಯೆಹೂದ್ಯರಿಗೆ ಬಂದ ನಿಯಮಗಳು) ಸಿಗದ ಅನ್ಯಜನರೂ (ಯೆಹೂದ್ಯರಲ್ಲದವರೂ) ಸಹಜವಾಗಿ ಅದರಂತೆ ನಡೆಯುವುದುಂಟು, ಅದು ಅವರ ಹೃದಯದಲ್ಲಿ ಬರೆದಿದೆ, ಅವರ ಮನಸ್ಸೇ ಅದಕ್ಕೆ ಸಾಕ್ಷಿ ಎನ್ನುತ್ತಾನೆ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ (ಲೂಕ 10) ಗಾಯಾಳುವನ್ನು ದಾಟಿ ಹೋದವರು ಯಾಜಕ ಮತ್ತು ಲೇವಿಯ (ದೇವಾಲಯದ ಸೇವೆಯ ಕುಲದವನು). ನಿಂತು ಎತ್ತಿದವನು ಯೆಹೂದ್ಯರ ಕಣ್ಣಿಗೆ ಧರ್ಮಭ್ರಷ್ಟನಾದವನು.

13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದಕ್ಕೆ ನೈಸರ್ಗಿಕ ನಿಯಮ ಎಂಬ ಚೌಕಟ್ಟು ಕೊಟ್ಟ: ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದನ್ನು ಬಿಡಬೇಕು ಎಂಬ ಮೊದಲ ಸೂತ್ರ ಬುದ್ಧಿಯುಳ್ಳ ಯಾರಿಗಾದರೂ ತಿಳಿಯುತ್ತದೆ. ಪ್ರೊಟೆಸ್ಟಂಟ್ ಸುಧಾರಕ ಕಾಲ್ವಿನ್‌ನ ಪರಂಪರೆಯವರು ಅದೇ ವಸ್ತುಸ್ಥಿತಿಯನ್ನು ಸಾಮಾನ್ಯ ಕೃಪೆ (ನಂಬುವವರು, ನಂಬದವರು ಎನ್ನದೆ ಎಲ್ಲರಿಗೂ ದೇವರು ಕೊಡುವುದು) ಎಂದು ವಿವರಿಸುತ್ತಾರೆ. ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆಯ 1964ರ ದಾಖಲೆ ‘ಲುಮೆನ್ ಜೆಂಟಿಯುಂ’ (ಕಂಡಿಕೆ 16), ತಮ್ಮ ತಪ್ಪಿಲ್ಲದೆ ದೇವರನ್ನು ಇನ್ನೂ ಸ್ಪಷ್ಟವಾಗಿ ಅರಿಯದವರ ಒಳ್ಳೆಯ ಬಾಳನ್ನೂ ಗೌರವದಿಂದಲೇ ಕಾಣುತ್ತದೆ. ಅಂದರೆ ಮೊದಲ ಪ್ರಶ್ನೆಗೆ, ‘ತಿಳಿಯುವುದು ಹೇಗೆ’ ಎಂಬುದಕ್ಕೆ, ಕ್ರೈಸ್ತರಲ್ಲದವರ ಕೈ ಖಾಲಿ ಎಂದು ಮುಖ್ಯ ಪರಂಪರೆಗಳಾವುವೂ ಹೇಳುವುದಿಲ್ಲ.

ಹಾಗಾದರೆ ‘ದೇವರಿಲ್ಲದೆ ನೈತಿಕತೆ ಇಲ್ಲ’ ಎಂಬ ವಾದ ಏನು?

ಅದು ಎರಡನೆಯ ಪ್ರಶ್ನೆಗೆ, ಆಧಾರದ ಪ್ರಶ್ನೆಗೆ ಸೇರಿದ್ದು. ಮಗುವನ್ನು ಹಿಂಸಿಸುವುದು ತಪ್ಪು ಎಂಬುದು ನಮ್ಮ ಅಭಿರುಚಿಯ ಮಾತಲ್ಲ, ನಿಜವಾಗಿಯೂ ತಪ್ಪು. ಹಾಗೆ ನಿಜವಾಗಿ ತಪ್ಪಾಗಿರಲು ಮನುಷ್ಯರ ಒಪ್ಪಿಗೆಯನ್ನು ಮೀರಿದ ನೆಲೆ ಬೇಕು. ಆ ನೆಲೆ ದೇವರು. ವಾದದ ಎಲುಬು ಇಷ್ಟೇ. ಎಲ್ಲ ಬಿರುಸೂ ಎರಡನೇ ಹೆಜ್ಜೆಯ ಮೇಲೆ. ದೇವರನ್ನು ಒಪ್ಪದೆಯೇ ನೈತಿಕ ಸತ್ಯಗಳು ವಸ್ತುನಿಷ್ಠ ಎನ್ನುವ ತತ್ತ್ವಜ್ಞಾನಿಗಳು ಬಹಳ ಮಂದಿ ಇದ್ದಾರೆ. ಗಣಿತದ ಸತ್ಯಗಳಿಗೆ ಯಾರ ಅಪ್ಪಣೆಯೂ ಬೇಡವಾದರೆ ಇವಕ್ಕೆ ಏಕೆ ಎಂಬುದು ಅವರ ಮರುಪ್ರಶ್ನೆ. ಜರ್ಮನ್ ತತ್ತ್ವಜ್ಞಾನಿ ಕಾಂಟ್ ಇದನ್ನು ತಿರುವಿ ಹಾಕಿದ: ನೈತಿಕತೆಗೆ ದೇವರು ಆಧಾರವಲ್ಲ, ಆದರೆ ಒಳ್ಳೆಯತನ ಮತ್ತು ಸುಖ ಕೊನೆಗೊಮ್ಮೆ ಕೂಡುತ್ತವೆ ಎಂದು ಆಶಿಸಬೇಕಾದರೆ ದೇವರನ್ನು ಊಹಿಸಿಕೊಳ್ಳಬೇಕಾಗುತ್ತದೆ ಎಂದು 1788ರಲ್ಲಿ ಬರೆದ.

ಈ ವಾದವನ್ನು ಬಳಸುವವರು ಮಾಡುವ ಸಾಮಾನ್ಯ ತಪ್ಪೆಂದರೆ ಆಧಾರದ ಮಾತನ್ನು ನಡತೆಯ ಮಾತಾಗಿ ಜಾರಿಸುವುದು. ‘ನಿಮ್ಮ ನೈತಿಕತೆಗೆ ತಳಹದಿ ಇಲ್ಲ’ ಎಂದು ಶುರುಮಾಡಿ ‘ಆದ್ದರಿಂದ ನೀವು ಕೆಟ್ಟವರು’ ಎಂದು ಮುಗಿಸಿದರೆ ವಾದ ಅಲ್ಲೇ ಕುಸಿಯಿತು.

ದೇವರು ಹೇಳಿದ್ದರಿಂದ ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರು ಹೇಳಿದ್ದೋ?

ಪ್ಲೇಟೋವಿನ ‘ಯೂಥಿಫ್ರೋ’ ಸಂವಾದದಿಂದ ಬಂದ ಪ್ರಶ್ನೆ ಇದು, ಕ್ರಿಸ್ತನಿಗಿಂತ ಸುಮಾರು ನಾಲ್ಕು ಶತಮಾನ ಹಳೆಯದು. ಮೊದಲನೆಯದನ್ನು ಆರಿಸಿದರೆ ನೈತಿಕತೆ ಮನಬಂದಂತೆ ಹೊರಡಿಸಿದ ಆಜ್ಞೆಯಾಗುತ್ತದೆ: ದೇವರು ಕ್ರೌರ್ಯವನ್ನು ಆಜ್ಞಾಪಿಸಿದರೆ ಅದೂ ಒಳ್ಳೆಯದೇ? ಎರಡನೆಯದನ್ನು ಆರಿಸಿದರೆ ಒಳ್ಳೆಯತನ ದೇವರಿಗಿಂತ ಮೇಲೆ ನಿಂತು, ಅವನು ಬರೀ ಸುದ್ದಿ ತಲುಪಿಸುವವನಾಗುತ್ತಾನೆ.

ಕ್ರೈಸ್ತರ ಬಹುಪಾಲು ಉತ್ತರ ಈ ಇಕ್ಕಳದ ಎರಡೂ ತುದಿಗಳನ್ನು ಬಿಡುತ್ತದೆ. ಒಳ್ಳೆಯತನ ದೇವರ ಇಚ್ಛೆಯಿಂದ ಹುಟ್ಟಿದ್ದಲ್ಲ, ಅವನ ಹೊರಗೂ ಇಲ್ಲ. ಅದು ಅವನ ಸ್ವಭಾವವೇ. ಅವನ ಆಜ್ಞೆಗಳು ಆ ಸ್ವಭಾವದಿಂದ ಹೊಮ್ಮುತ್ತವೆ, ಆದ್ದರಿಂದ ಕ್ರೌರ್ಯದ ಆಜ್ಞೆ ಬರಲಾರದು. ಅಕ್ವಿನಾಸನ ನಿಲುವು ಈ ಕಡೆಯದು. 14ನೇ ಶತಮಾನದ ಒಕಮ್‌ನ ವಿಲಿಯಂ ಇಚ್ಛೆಗೆ ಹೆಚ್ಚು ತೂಕ ಕೊಟ್ಟ. 20ನೇ ಶತಮಾನದಲ್ಲಿ ತತ್ತ್ವಜ್ಞಾನಿ ರಾಬರ್ಟ್ ಆಡಮ್ಸ್ ಆಜ್ಞಾವಾದವನ್ನು (ದೇವರ ಆಜ್ಞೆಯೇ ನೀತಿಯ ಮೂಲ ಎಂಬ ವಾದವನ್ನು) ತಿದ್ದಿ, ಕರ್ತವ್ಯ ಹುಟ್ಟುವುದು ಯಾವುದೋ ದೇವರ ಆಜ್ಞೆಯಿಂದಲ್ಲ, ಪ್ರೀತಿಸ್ವರೂಪಿಯಾದ ದೇವರ ಆಜ್ಞೆಯಿಂದ ಎಂದ. ಇಷ್ಟರಿಂದ ಪ್ರಶ್ನೆ ಮುಗಿಯಿತೇ? ಪೂರ್ತಿ ಇಲ್ಲ. ‘ಆ ಸ್ವಭಾವ ಒಳ್ಳೆಯದೆಂದು ಯಾವ ಅಳತೆಯಿಂದ ಹೇಳುತ್ತೀರಿ’ ಎಂದು ಎದುರಾಳಿ ಮತ್ತೆ ಕೇಳಬಹುದು. ಸರಣಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಅದು ದೇವರಲ್ಲಿ ನಿಲ್ಲುತ್ತದೆ ಎಂಬುದು ಕ್ರೈಸ್ತರ ಕೊನೆಯ ಮಾತು.

ದೇವರು ಅಬ್ರಹಾಮನಿಗೆ ಮಗನನ್ನು ಬಲಿಕೊಡು ಎಂದದ್ದು?

ಆದಿಕಾಂಡ 22. ಮೇಲಿನ ಉತ್ತರಕ್ಕೆ ಇದೇ ಕಠಿಣ ಪರೀಕ್ಷೆ. ಕಥೆ ಮುಗಿಯುವುದು ಬಲಿ ನಿಂತು, ಟಗರು ಸಿಕ್ಕು ಎಂಬುದು ನಿಜ. ಮಕ್ಕಳನ್ನು ಬಲಿಕೊಡುವುದನ್ನು ಯಾಜಕಕಾಂಡ, ಧರ್ಮೋಪದೇಶಕಾಂಡ ಎರಡೂ ಖಂಡಿಸುತ್ತವೆ ಎಂಬುದೂ ನಿಜ. ಆದರೂ ಆಜ್ಞೆ ಬಂದದ್ದಂತೂ ಬಂತು. ಡೆನ್ಮಾರ್ಕಿನ ಚಿಂತಕ ಕೀರ್ಕೆಗಾರ್ಡ್ 1843ರಲ್ಲಿ ನಂಬಿಕೆ ಇಲ್ಲಿ ನೀತಿಯನ್ನೇ ಅಮಾನತಿನಲ್ಲಿಡುತ್ತದೆ ಎಂದು ಓದಿದ. ಕಾಂಟ್ ನೇರವಾಗಿ, ಅಂಥ ದನಿ ದೇವರದ್ದಲ್ಲ ಎಂದು ಅಬ್ರಹಾಮ ಹೇಳಬೇಕಿತ್ತು ಎಂದ. ಇವತ್ತಿನ ನಡವಳಿಕೆಗೆ ಚರ್ಚುಗಳು ಇದರಿಂದ ತೆಗೆಯುವ ನಿಯಮದಲ್ಲಿ ಮಾತ್ರ ಗೊಂದಲವಿಲ್ಲ: ‘ದೇವರು ನನಗೆ ಹೇಳಿದ’ ಎಂದು ಯಾರಾದರೂ ಇನ್ನೊಬ್ಬರಿಗೆ ಕೇಡು ಮಾಡಹೊರಟರೆ ಆ ದನಿಯನ್ನು ತಿರಸ್ಕರಿಸಬೇಕು.

ನಂಬಿಕೆಯಿಂದಲೇ ರಕ್ಷಣೆ (ಪಾಪದಿಂದ ಬಿಡುಗಡೆ) ಎಂದಮೇಲೆ ಒಳ್ಳೆಯದಾಗಿ ನಡೆಯುವ ಅಗತ್ಯವೇನು?

ಇದು ಎಲ್ಲಕ್ಕಿಂತ ಹಳೆಯ ಆಕ್ಷೇಪ. ಪೌಲನೇ ಅದನ್ನು ಬರೆದಿಟ್ಟಿದ್ದಾನೆ: ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರೋಣವೇ (ರೋಮಾ 6:1)? ‘ಎಂದಿಗೂ ಇಲ್ಲ’ ಎಂಬುದು ಅವನ ಉತ್ತರ, ಕಾರಣ ಬೆದರಿಕೆಯಲ್ಲ: ಪಾಪಕ್ಕೆ ಸತ್ತವರು ಅದರಲ್ಲೇ ಬದುಕುವುದು ಹೇಗೆ?

ಇಲ್ಲಿ ಕ್ರಮವೇ ಮುಖ್ಯ. ಹತ್ತು ಆಜ್ಞೆಗಳ ಮೊದಲು ‘ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿನ್ನನ್ನು ಬಿಡಿಸಿದೆನು’ ಎಂಬ ದೇವರ ಮಾತಿದೆ (ವಿಮೋಚನಕಾಂಡ 20:2). ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಎಫೆಸದವರಿಗೆ 2:8-10ರಲ್ಲೂ ಅದೇ ಕ್ರಮ: ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ, ಆದರೆ ಸತ್ಕ್ರಿಯೆಗಳಿಗಾಗಿ. ಬಹಳ ಮಂದಿ 9ನೇ ವಚನಕ್ಕೆ ನಿಲ್ಲಿಸಿ 10ನೆಯದನ್ನು ಬಿಡುತ್ತಾರೆ, ಕೆಡುವುದು ಅಲ್ಲೇ. 1563ರ ಹೈಡೆಲ್‌ಬರ್ಗ್ ಧರ್ಮಪ್ರಶ್ನೋತ್ತರ ಈ ತರ್ಕವನ್ನು ತನ್ನ ರಚನೆಯಲ್ಲೇ ಹೆಣೆದಿದೆ. ಅದರ 129 ಪ್ರಶ್ನೆಗಳು ಮೂರು ಭಾಗ: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ಹತ್ತು ಆಜ್ಞೆಗಳ ವಿವರಣೆ ಬರುವುದು ಮೂರನೆಯದರಲ್ಲಿ.

16ನೇ ಶತಮಾನದ ಸುಧಾರಕ ಲೂಥರ್ ಮತ್ತು ಕಥೋಲಿಕ ಸಭೆಯ (ಚರ್ಚಿನ) ನಡುವಿನ ಬಿರುಕು ಈ ವಿಷಯದ ಮೇಲೆಯೇ. ‘ಕ್ರಿಯೆಗಳಿಲ್ಲದೆ ನಂಬಿಕೆಯಿಂದ’ ಎನ್ನುವ ರೋಮಾ 3:28 ಒಂದು ಕಡೆ, ‘ನಂಬಿಕೆಯಿಂದ ಮಾತ್ರವಲ್ಲ’ ಎನ್ನುವ ಯಾಕೋಬ 2:24 ಇನ್ನೊಂದು ಕಡೆ. ಎರಡನ್ನೂ ಹೊಂದಿಸುವ ಸಾಮಾನ್ಯ ಓದು: ಪೌಲ ತಡೆಯುತ್ತಿರುವುದು ಕ್ರಿಯೆಗಳಿಂದ ದೇವರ ಮುಂದೆ ಅರ್ಹತೆ ಗಳಿಸುವ ಪ್ರಯತ್ನವನ್ನು, ಯಾಕೋಬ ಹೊಡೆಯುತ್ತಿರುವುದು ಬಾಯಿಮಾತಿನ ನಂಬಿಕೆಯನ್ನು. ಕಥೋಲಿಕರ ಟ್ರೆಂಟ್ ಮಹಾಸಭೆ (1545–1563) ಗೆರೆ ಎಳೆದ ಮೇಲೆ ಶತಮಾನಗಳೇ ಕಳೆದು, 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ ಜಂಟಿ ಘೋಷಣೆಗೆ ಸಹಿ ಹಾಕಿದವು: ದೇವರು ಮನುಷ್ಯನನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ಸತ್ಕ್ರಿಯೆಗಳು ಅದರ ಫಲ. ಉಳಿದ ಭಿನ್ನಾಭಿಪ್ರಾಯಗಳು ಇವೆ, ಆದರೆ ಪರಸ್ಪರ ಶಾಪ ಹಾಕುವಷ್ಟು ಅಲ್ಲ.

ಎರಡು ಕಡೆ ಜಾರುವ ಅಪಾಯವಿದೆ. ಒಂದು, ನಡತೆಯನ್ನೇ ಟಿಕೆಟ್ ಮಾಡಿಕೊಳ್ಳುವುದು. ಇದರಿಂದ ಅಹಂಕಾರ ಅಥವಾ ಹತಾಶೆ, ಎರಡರಲ್ಲೊಂದು ಖಚಿತ. ಇನ್ನೊಂದು, ನಿಯಮವೇ ಬೇಡ ಎನ್ನುವುದು. ಲೂಥರನ ಕಾಲದಲ್ಲೇ ಯೋಹಾನ್ ಅಗ್ರಿಕೋಲಾ ಈ ಕಡೆ ವಾಲಿದ, ಲೂಥರ್ ಅವನನ್ನು ಕಟುವಾಗಿ ವಿರೋಧಿಸಿದ. ನಾಜಿ ಜರ್ಮನಿಯಲ್ಲಿ ಇದೇ ಮನೋಭಾವವನ್ನು ಪಾದ್ರಿ ಡಿಟ್ರಿಚ್ ಬಾನ್‌ಹಾಫರ್ 1937ರಲ್ಲಿ ಅಗ್ಗದ ಕೃಪೆ ಎಂದು ಕರೆದ: ಪಶ್ಚಾತ್ತಾಪವಿಲ್ಲದ ಕ್ಷಮೆ. 1945ರ ಏಪ್ರಿಲ್ 9ರಂದು ನಾಜಿಗಳು ಅವನನ್ನು ಗಲ್ಲಿಗೇರಿಸಿದರು.

ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಸಿಗಡಿ ತಿನ್ನಬಾರದು ಎಂದಿದೆ, ಕದಿಯಬಾರದು ಎಂದೂ ಇದೆ. ಒಂದನ್ನು ಬಿಟ್ಟು ಒಂದನ್ನು ಹಿಡಿಯುವುದು ಅನುಕೂಲಸಿಂಧುತನವಲ್ಲವೇ?

ಯೆಹೂದ್ಯ ಪರಂಪರೆ ಧರ್ಮಶಾಸ್ತ್ರದಲ್ಲಿ 613 ಆಜ್ಞೆಗಳನ್ನು ಎಣಿಸುತ್ತದೆ. ಅವುಗಳಲ್ಲಿ ಯಾವುದು ಯೆಹೂದ್ಯೇತರ ವಿಶ್ವಾಸಿಗಳಿಗೆ ಅನ್ವಯ ಎಂಬ ಪ್ರಶ್ನೆ ಮೊದಲ ಶತಮಾನದಲ್ಲೇ, ಯೆರೂಸಲೇಮಿನ ಸಭೆಯಲ್ಲೇ ಎದ್ದಿತು (ಅಪೊಸ್ತಲರ ಕೃತ್ಯಗಳು 15). ತೀರ್ಮಾನ: ಸುನ್ನತಿ ಬೇಡ, ವಿಗ್ರಹಗಳಿಗೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ, ಈ ನಾಲ್ಕನ್ನು ಬಿಡಬೇಕು. ಆದ್ದರಿಂದ ಆಯ್ಕೆ ಇಂದಿನವರ ಜಾಣತನವಲ್ಲ, ಹೊಸ ಒಡಂಬಡಿಕೆಯೊಳಗೇ ನಡೆದದ್ದು. ಆಹಾರದ ನಿಯಮಕ್ಕೆ ಮಾರ್ಕ 7:19, ಬಲಿಗಳಿಗೆ ಇಬ್ರಿಯರಿಗೆ ಬರೆದ ಪತ್ರದ 9-10ನೇ ಅಧ್ಯಾಯ ನೋಡಬಹುದು.

ನಂತರದ ದೇವಶಾಸ್ತ್ರಜ್ಞರು ಮೂರು ವಿಂಗಡಣೆ ಮಾಡಿದರು. ನೈತಿಕ ನಿಯಮಗಳು ಉಳಿಯುತ್ತವೆ. ಆಚರಣೆಯ ನಿಯಮಗಳು ಕ್ರಿಸ್ತನಲ್ಲಿ ಪೂರ್ತಿಯಾದವು. ನ್ಯಾಯಾಡಳಿತದ ನಿಯಮಗಳು ಪ್ರಾಚೀನ ಇಸ್ರಾಯೇಲ್ ರಾಜ್ಯದೊಂದಿಗೆ ಮುಗಿದವು, ಅವುಗಳ ಹಿಂದಿನ ನ್ಯಾಯತತ್ತ್ವ ಮಾತ್ರ ಉಳಿಯಿತು. ಅಕ್ವಿನಾಸನಲ್ಲೂ 1646ರ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ಅರಿಕೆಯಲ್ಲೂ (ಅಧ್ಯಾಯ 19) ಇದೇ ವಿಂಗಡಣೆ ಇದೆ.

ಉಪಯುಕ್ತ ಸಾಧನ ಹೌದು, ಆದರೆ ದೋಷವಿಲ್ಲದ್ದಲ್ಲ. ಮೂಲ ಪಠ್ಯದಲ್ಲಿ ಇಂಥ ಗೆರೆಗಳೇ ಇಲ್ಲ. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬುದು ಯಾಜಕಕಾಂಡ 19:18. ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಉಡಬೇಡ ಎಂಬುದು ಅದರ ಮರುವಚನ. ಸಬ್ಬತ್ತಂತೂ (ವಾರದ ಏಳನೇ ದಿನದ ವಿಶ್ರಾಂತಿ) ಯಾವ ಪೆಟ್ಟಿಗೆಗೂ ಸರಿಯಾಗಿ ಕೂರುವುದಿಲ್ಲ: ಹತ್ತು ಆಜ್ಞೆಗಳಲ್ಲಿದೆ, ಆದರೂ ಹೆಚ್ಚಿನ ಕ್ರೈಸ್ತರು ಭಾನುವಾರ ಕೂಡುತ್ತಾರೆ, ಸೆವೆಂತ್-ಡೇ ಅಡ್ವೆಂಟಿಸ್ಟರು ಶನಿವಾರವನ್ನೇ ಪಾಲಿಸುತ್ತಾರೆ. ಹಾಗಾಗಿ ಒಂದು ನಿಯಮದ ಬಗ್ಗೆ ಅನುಮಾನ ಬಂದಾಗ ವಿಂಗಡಣೆಯ ಹೆಸರನ್ನಷ್ಟೇ ಹೇಳಿದರೆ ಸಾಲದು. ಹೊಸ ಒಡಂಬಡಿಕೆ ಅದನ್ನು ಮತ್ತೆ ಎತ್ತಿ ಹೇಳಿದೆಯೇ, ರದ್ದು ಮಾಡಿದೆಯೇ, ಬೇರೆ ರೂಪ ಕೊಟ್ಟಿದೆಯೇ ಎಂದು ಹುಡುಕಬೇಕು. ದೇವರನ್ನೂ ನೆರೆಯವನನ್ನೂ ಪ್ರೀತಿಸು ಎಂಬ ಎರಡು ಮಹಾ ಆಜ್ಞೆಗಳಿಗೆ (ಮತ್ತಾಯ 22:37-40) ಅದು ಹೇಗೆ ತಗಲುತ್ತದೆ ಎಂದೂ ಕೇಳಬೇಕು.

‘ಐದನೇ ಆಜ್ಞೆ’ ಎಂದರೆ ಕೊಲೆಯೋ, ತಂದೆತಾಯಿಯ ಗೌರವವೋ?

ಯಾರು ಹೇಳುತ್ತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಕಥೋಲಿಕರು ಮತ್ತು ಲೂಥರನ್ನರು ವಿಗ್ರಹದ ನಿಷೇಧವನ್ನು ಮೊದಲನೇ ಆಜ್ಞೆಯೊಳಗೆ ಸೇರಿಸಿ, ಇನ್ನೊಬ್ಬರದ್ದಕ್ಕೆ ಆಸೆಪಡುವುದರ ನಿಷೇಧವನ್ನು ಒಂಬತ್ತು ಮತ್ತು ಹತ್ತು ಎಂದು ಒಡೆಯುತ್ತಾರೆ. ಅವರಲ್ಲಿ ಕೊಲೆ ಐದನೆಯದು. ಆರ್ಥಡಾಕ್ಸ್, ಆಂಗ್ಲಿಕನ್, ರಿಫಾರ್ಮ್ಡ್ (ಕಾಲ್ವಿನ್ ಪರಂಪರೆಯ) ಸಭೆಗಳಲ್ಲಿ ವಿಗ್ರಹದ್ದು ಎರಡನೆಯದು, ಕೊಲೆ ಆರನೆಯದು. ಬೋಧನೆಯಲ್ಲಾಗಲಿ ಬರಹದಲ್ಲಾಗಲಿ ಸಂಖ್ಯೆ ಬಿಟ್ಟು ಆಜ್ಞೆಯ ಮಾತನ್ನೇ ಹೇಳುವುದು ಕ್ಷೇಮ.

ಏಳು ಮಹಾಪಾಪಗಳು ಬೈಬಲಿನಲ್ಲಿ ಎಲ್ಲಿವೆ?

ಗರ್ವ, ಲೋಭ, ಕಾಮ ಮುಂತಾದ ಆ ಏಳು, ಪಟ್ಟಿಯಾಗಿ ಎಲ್ಲೂ ಇಲ್ಲ. 4ನೇ ಶತಮಾನದಲ್ಲಿ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್ ಎಂಟು ಕೆಟ್ಟ ಆಲೋಚನೆಗಳನ್ನು ಪಟ್ಟಿ ಮಾಡಿದ್ದ. 6ನೇ ಶತಮಾನದಲ್ಲಿ ಪೋಪ್ ಮಹಾ ಗ್ರೆಗೊರಿ ಅದನ್ನು ಏಳಕ್ಕೆ ಇಳಿಸಿದ. ಜ್ಞಾನೋಕ್ತಿ 6:16-19ರಲ್ಲಿ ದೇವರು ಹಗೆಮಾಡುವ ಏಳು ಸಂಗತಿಗಳಿವೆ, ಆದರೆ ಅವು ಬೇರೆ.

ಪಾಪಗಳೆಲ್ಲ ಸಮಾನವೇ?

‘ದೇವರ ಕಣ್ಣಿಗೆ ಎಲ್ಲ ಪಾಪವೂ ಒಂದೇ’ ಎಂಬ ಮಾತು ಬಹಳ ಕೇಳಿಬರುತ್ತದೆ. ಯಾಕೋಬ 2:10ನ್ನು ಅದಕ್ಕೆ ಆಧಾರವಾಗಿ ತೋರಿಸುತ್ತಾರೆ: ಒಂದರಲ್ಲಿ ತಪ್ಪಿದವನು ಎಲ್ಲದರಲ್ಲೂ ಅಪರಾಧಿ. ಆ ವಚನ ಹೇಳುವುದು ಎಲ್ಲರಿಗೂ ಕ್ಷಮೆ ಬೇಕು ಎಂಬುದನ್ನು, ತೂಕ ಒಂದೇ ಎಂಬುದನ್ನಲ್ಲ. ಯೇಸುವೇ ‘ಹೆಚ್ಚಿನ ಪಾಪ’ (ಯೋಹಾನ 19:11) ಎನ್ನುತ್ತಾನೆ, ಧರ್ಮಶಾಸ್ತ್ರದ ‘ಗೌರವವಾದ (ಅಂದರೆ ಹೆಚ್ಚು ತೂಕದ) ವಿಷಯಗಳು’ ನ್ಯಾಯ, ಕರುಣೆ, ನಂಬಿಗಸ್ತಿಕೆ (ಮತ್ತಾಯ 23:23) ಎನ್ನುತ್ತಾನೆ. ಕಥೋಲಿಕ ಬೋಧನೆಯಲ್ಲಿ ಮಾರಕ ಪಾಪಕ್ಕೆ ಮೂರು ಷರತ್ತುಗಳು ಒಟ್ಟಿಗೆ ಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಬೇಕೆಂದೇ ಒಪ್ಪಿ ಮಾಡಿರಬೇಕು. ಒಂದು ತಪ್ಪಿದರೂ ಅದು ಮಾರಕವಲ್ಲ. ಬಲವಂತ, ಗೀಳು, ಅಜ್ಞಾನ ಹೊಣೆಯನ್ನು ಇಳಿಸಬಹುದು.

‘ಎಲ್ಲವೂ ಸಮಾನ’ ಎಂಬ ಮಾತಿನಿಂದ ಆಗುವ ನಿಜವಾದ ಹಾನಿ ಬೇರೆ ಇದೆ: ದೌರ್ಜನ್ಯ ಮಾಡಿದವನನ್ನೂ, ಅವನ ಮೇಲೆ ಸಿಟ್ಟಾದ ಸಂತ್ರಸ್ತೆಯನ್ನೂ ಒಂದೇ ತಕ್ಕಡಿಯಲ್ಲಿಡಲು ಅದು ನೆಪವಾಗುತ್ತದೆ.

ಬೈಬಲ್ ಏನೂ ಹೇಳದ ವಿಷಯಗಳಲ್ಲಿ ನಿರ್ಧಾರ ಹೇಗೆ?

ಕಥೋಲಿಕ ನೀತಿಶಾಸ್ತ್ರ ಮೂರನ್ನು ನೋಡುತ್ತದೆ: ಕೃತ್ಯ ಏನು, ಉದ್ದೇಶ ಏನು, ಸಂದರ್ಭ ಏನು. ಮೂರೂ ಸರಿಯಿದ್ದರೆ ಮಾತ್ರ ಕೃತ್ಯ ಒಳ್ಳೆಯದು. ಒಳ್ಳೆಯ ಉದ್ದೇಶ ಕೆಟ್ಟ ಕೃತ್ಯವನ್ನು ತೊಳೆಯುವುದಿಲ್ಲ. ಒಂದೇ ಕೃತ್ಯದಿಂದ ಒಳಿತೂ ಕೆಡುಕೂ ಬರುವಾಗ ಇಮ್ಮಡಿ ಪರಿಣಾಮದ ನಿಯಮ ಬಳಸುತ್ತಾರೆ. ಆತ್ಮರಕ್ಷಣೆಯ ಬಗ್ಗೆ ಅಕ್ವಿನಾಸ್ ಬರೆದದ್ದು ಇದರ ಬೀಜ. ನಂತರ ನೆಲೆಗೊಂಡ ಷರತ್ತುಗಳು ನಾಲ್ಕು: ಕೃತ್ಯ ಸ್ವತಃ ಕೆಟ್ಟದ್ದಾಗಿರಬಾರದು, ಕೆಟ್ಟ ಪರಿಣಾಮ ಉದ್ದೇಶವಾಗಿರಬಾರದು, ಒಳಿತಿಗೆ ಆ ಕೆಡುಕೇ ಸಾಧನವಾಗಿರಬಾರದು, ಕೆಡುಕಿಗೆ ತಕ್ಕಷ್ಟು ಗಂಭೀರ ಕಾರಣವಿರಬೇಕು. ಸಾವಿನಂಚಿನ ರೋಗಿಯ ನೋವಿಗೆ ಬೇಕಾದಷ್ಟೇ ಮಾರ್ಫಿನ್ ಕೊಡುವುದು, ಅದು ಆಯುಷ್ಯ ತಗ್ಗಿಸಬಹುದೆಂದು ಗೊತ್ತಿದ್ದರೂ, ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಸಾಯಿಸಲೆಂದೇ ಹೆಚ್ಚು ಕೊಡುವುದು ಮೂರನೇ ಷರತ್ತಿನಲ್ಲೇ ಬೀಳುತ್ತದೆ, ಏಕೆಂದರೆ ಅಲ್ಲಿ ನೋವು ನಿಲ್ಲುವುದು ಸಾವಿನ ಮೂಲಕ.

ಮೆಥಡಿಸ್ಟರು ಧರ್ಮಗ್ರಂಥ, ಪರಂಪರೆ, ವಿವೇಕ, ಅನುಭವ ಎಂಬ ನಾಲ್ಕನ್ನು ಜೊತೆಗಿಟ್ಟು ತೂಗುತ್ತಾರೆ, ಗ್ರಂಥಕ್ಕೆ ಮೊದಲ ಸ್ಥಾನ. ಕೊನೆಯ ತೀರ್ಪು ಮನಸ್ಸಾಕ್ಷಿಯದು ಎಂಬುದನ್ನು ಬಹುತೇಕ ಪರಂಪರೆಗಳು ಒಪ್ಪುತ್ತವೆ. ಅಕ್ವಿನಾಸನ ಪ್ರಕಾರ ತಪ್ಪಿದ ಮನಸ್ಸಾಕ್ಷಿಯೂ ಕಟ್ಟುಪಾಡು ಹಾಕುತ್ತದೆ. ಆದರೆ ಅದನ್ನು ತಿದ್ದಿ ಬೆಳೆಸುವ ಹೊಣೆಯೂ ನಮ್ಮದೇ. ಕೇಳಬೇಕಾದವರನ್ನು ಕೇಳದೆ, ಓದಬೇಕಾದ್ದನ್ನು ಓದದೆ ‘ನನ್ನ ಮನಸ್ಸಾಕ್ಷಿ ಶುದ್ಧ’ ಎನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಜೀವ ಉಳಿಸಲು ಸುಳ್ಳು ಹೇಳಬಹುದೇ?

ಕ್ರೈಸ್ತರಲ್ಲೇ ಒಮ್ಮತವಿಲ್ಲ. ದೇವಶಾಸ್ತ್ರಜ್ಞ ಅಗಸ್ಟೀನ್ ಸುಮಾರು 395ರಲ್ಲಿ ಸುಳ್ಳುಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಗಂಭೀರತೆಯಲ್ಲಿ ವ್ಯತ್ಯಾಸವಿದ್ದರೂ ಎಲ್ಲವೂ ಪಾಪ ಎಂದ. ಇನ್ನೊಂದು ಕಡೆ, ಐಗುಪ್ತದ ದೊರೆ ಫರೋಹನಿಗೆ ಸುಳ್ಳು ಹೇಳಿ ಕೂಸುಗಳನ್ನು ಉಳಿಸಿದ ಸೂಲಗಿತ್ತಿಯರಿಗೆ ದೇವರು ಒಳಿತು ಮಾಡಿದ (ವಿಮೋಚನಕಾಂಡ 1). ಇಸ್ರಾಯೇಲಿನ ಗೂಢಚಾರರನ್ನು ಬಚ್ಚಿಟ್ಟು ಸುಳ್ಳು ಹೇಳಿದ ರಾಹಾಬಳನ್ನು ಹೊಸ ಒಡಂಬಡಿಕೆ ಎರಡು ಕಡೆ ಹೊಗಳುತ್ತದೆ. ಅಗಸ್ಟೀನ್ ಪಕ್ಷದವರು ಹೊಗಳಿಕೆ ನಂಬಿಕೆಗೆ, ಸುಳ್ಳಿಗಲ್ಲ ಎನ್ನುತ್ತಾರೆ. ಕೊಲೆಗಾರ ಬಾಗಿಲಲ್ಲಿ ನಿಂತಿರುವಾಗ ಆ ವ್ಯತ್ಯಾಸ ಬಹಳ ತೆಳು ಎಂದೇ ನಮಗನ್ನಿಸುತ್ತದೆ.

ಕ್ರೈಸ್ತ ನೈತಿಕತೆ ಕಾಲಕ್ಕೆ ತಕ್ಕಂತೆ ಬದಲಾಗಿಲ್ಲವೇ? ಗುಲಾಮಗಿರಿಯನ್ನು ಸಮರ್ಥಿಸಿದವರೂ ಅವರೇ ಅಲ್ಲವೇ?

ಹೌದು, ಮತ್ತು ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1452ರಲ್ಲಿ ಪೋಪ್ ಐದನೇ ನಿಕೊಲಸ್ ಪೋರ್ಚುಗಲ್ ದೊರೆಗೆ ಕ್ರೈಸ್ತರಲ್ಲದವರನ್ನು ದಾಸರನ್ನಾಗಿಸಲು ಅನುಮತಿ ಕೊಟ್ಟ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1845ರಲ್ಲಿ ಬೇರೆಯಾದದ್ದು ಗುಲಾಮರ ಒಡೆಯರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ. ಕ್ಷಮೆ ಕೇಳಿದ್ದು 1995ರಲ್ಲಿ. ‘ಹಾಮನ ಶಾಪ’ ಎಂದು ಆಫ್ರಿಕದವರ ಮೇಲೆ ಹೊರಿಸಿದ ಆದಿಕಾಂಡ 9ರಲ್ಲಿ ಶಾಪ ಬಿದ್ದಿರುವುದು ನೋಹನ ಮಗ ಹಾಮನಿಗಲ್ಲ, ಹಾಮನ ಮಗ ಕಾನಾನನಿಗೆ. ಚರ್ಮದ ಬಣ್ಣದ ಸುಳಿವೂ ಇಲ್ಲ. ಬೇಕಾದ ತೀರ್ಮಾನವನ್ನು ಮೊದಲೇ ಕೈಯಲ್ಲಿಟ್ಟುಕೊಂಡು ವಚನ ಹುಡುಕಿದ್ದಕ್ಕೆ ಇದಕ್ಕಿಂತ ಢಾಳಾದ ಉದಾಹರಣೆ ಸಿಗಲಾರದು.

ಎದುರು ದನಿಗಳೂ ಅದೇ ಗ್ರಂಥದಿಂದಲೇ ಬಂದವು. 4ನೇ ಶತಮಾನದಲ್ಲೇ ಬಿಷಪ್ ನಿಸ್ಸಾದ ಗ್ರೆಗೊರಿ, ದೇವರ ಪ್ರತಿರೂಪವಾದ ಮನುಷ್ಯನಿಗೆ ಬೆಲೆ ಕಟ್ಟುವವರು ಯಾರು ಎಂದು ಗುಲಾಮಗಿರಿಯನ್ನೇ ಖಂಡಿಸಿದ. 1688ರಲ್ಲಿ ಪೆನ್ಸಿಲ್ವೇನಿಯದ ಜರ್ಮನ್‌ಟೌನ್‌ನಲ್ಲಿ ಕ್ವೇಕರರು ಎಂಬ ಕ್ರೈಸ್ತ ಪಂಥದವರು ಲಿಖಿತ ಪ್ರತಿಭಟನೆ ಹೊರಡಿಸಿದರು. ಅವರ ಆಧಾರ, ನಿಮಗೆ ಜನರು ಏನು ಮಾಡಬೇಕೆಂದು ಬಯಸುವಿರೋ ಅದನ್ನೇ ನೀವೂ ಮಾಡಿ ಎಂಬ ಮತ್ತಾಯ 7:12ರ ಮಾತು. ಬ್ರಿಟನ್ ಗುಲಾಮ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು, ತನ್ನ ಹೆಚ್ಚಿನ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ಕೊನೆಗಾಣಿಸುವ ಕಾನೂನನ್ನು 1833ರಲ್ಲಿ ತಂದಿತು.

ಬಡ್ಡಿಯದೂ ಇಂಥದೇ ಕಥೆ, ದಿಕ್ಕು ಮಾತ್ರ ಬೇರೆ. 1179ರ ಮೂರನೇ ಲ್ಯಾಟರನ್ ಮಹಾಸಭೆ ಬಡ್ಡಿಕೋರರಿಗೆ ಕ್ರೈಸ್ತ ಸಮಾಧಿಯನ್ನೂ ನಿರಾಕರಿಸಿತು. 16ನೇ ಶತಮಾನದಲ್ಲಿ ಕಾಲ್ವಿನ್, ಬಡವರನ್ನು ಹಿಂಡದ ಮಿತವಾದ ಬಡ್ಡಿಗೆ ಅಡ್ಡಿಯಿಲ್ಲ ಎಂದ. ಮರಣದಂಡನೆಯ ಬಗ್ಗೆ ಕಥೋಲಿಕ ಧರ್ಮೋಪದೇಶದ ಪಾಠವನ್ನು ಪೋಪ್ ಫ್ರಾನ್ಸಿಸ್ 2018ರಲ್ಲಿ ‘ಒಪ್ಪತಕ್ಕದ್ದಲ್ಲ’ ಎಂದು ತಿದ್ದಿದರು. ಬದಲಾದದ್ದು ತತ್ತ್ವವೋ, ಅನ್ವಯವೋ? ಚರ್ಚುಗಳು ಅನ್ವಯ ಎನ್ನುತ್ತವೆ, ವಿಮರ್ಶಕರು ತತ್ತ್ವ ಎನ್ನುತ್ತಾರೆ. ಬಡ್ಡಿಯ ವಿಷಯದಲ್ಲಿ ಮೊದಲನೆಯದನ್ನು ಒಪ್ಪಬಹುದು. ಗುಲಾಮಗಿರಿಯ ವಿಷಯದಲ್ಲಿ ಆ ಸಮರ್ಥನೆ ನಿಲ್ಲುವುದಿಲ್ಲ. ಅಲ್ಲಿ ನಡೆದದ್ದು ತಪ್ಪು, ಆಮೇಲೆ ತಿದ್ದುಪಡಿ.

ನರಕದ ಭಯದಿಂದ ಒಳ್ಳೆಯವನಾಗಿರುವುದು ನೈತಿಕತೆಯೇ?

ಇದು ಆರಂಭದಲ್ಲಿ ಹೇಳಿದ ಮೂರನೆಯ ಪ್ರಶ್ನೆ, ಶಕ್ತಿಯದು. 4ನೇ ಶತಮಾನದ ಬಿಷಪ್ ಬಾಸಿಲ್ ಮೂರು ಸ್ಥಿತಿಗಳನ್ನು ಹೇಳುತ್ತಾನೆ: ಆಳು ಶಿಕ್ಷೆಗೆ ಅಂಜಿ ವಿಧೇಯನಾಗುತ್ತಾನೆ, ಕೂಲಿಯವನು ಸಂಬಳಕ್ಕೆ, ಮಗ ಪ್ರೀತಿಗೆ. ಟ್ರೆಂಟ್ ಮಹಾಸಭೆ 1551ರಲ್ಲಿ ಭಯದಿಂದ ಹುಟ್ಟಿದ ಅಪೂರ್ಣ ಪಶ್ಚಾತ್ತಾಪವೂ ಪಾಪನಿವೇದನೆಗೆ (ಗುರುವಿನ ಮುಂದೆ ತಪ್ಪೊಪ್ಪಿ ಕ್ಷಮೆ ಪಡೆಯುವುದಕ್ಕೆ) ದಾರಿ ಮಾಡಿಕೊಡುತ್ತದೆ ಎಂದು ಒಪ್ಪಿತು. ಅಂದರೆ ಭಯ ಆರಂಭವಾಗಬಹುದು. ಅಲ್ಲೇ ಉಳಿದುಬಿಟ್ಟರೆ ಏನಾಗುತ್ತದೆಂದು ಭಯದ ಮೇಲೆ ಬೆಳೆಸಿದ ಮಕ್ಕಳನ್ನು ನೋಡಿದರೆ ತಿಳಿಯುತ್ತದೆ: ಭಯ ಹೋದ ದಿನ ನಡತೆಯೂ ಹೋಗುತ್ತದೆ, ಇಲ್ಲವೇ ಚಿಕ್ಕ ಚಿಕ್ಕ ತಪ್ಪುಗಳನ್ನೇ ಎಣಿಸುತ್ತ ನವೆಯುವ ಮನಸ್ಸು ಉಳಿಯುತ್ತದೆ.

ಕ್ಷಮೆ ಕೇಳಿದರೆ ಮುಗಿಯಿತೇ?

ಇಲ್ಲ. ಧರ್ಮಶಾಸ್ತ್ರ ಲೆಕ್ಕ ಹಾಕಿಯೇ ಹೇಳುತ್ತದೆ. ಅರಣ್ಯಕಾಂಡ 5:7ರ ಪ್ರಕಾರ ತಪ್ಪನ್ನು ಅರಿಕೆಮಾಡಿ, ಮೂಲ ನಷ್ಟಕ್ಕೆ ಐದನೇ ಒಂದು ಪಾಲು ಸೇರಿಸಿ ನಷ್ಟಪಟ್ಟವನಿಗೆ ಕೊಡಬೇಕು: ನೂರಕ್ಕೆ ನೂರಿಪ್ಪತ್ತು. ಕುರಿ ಕದ್ದು ಕೊಂದರೆ ಅಥವಾ ಮಾರಿದರೆ ನಾಲ್ಕು ಕುರಿ, ಎತ್ತಾದರೆ ಐದು (ವಿಮೋಚನಕಾಂಡ 22:1). ತೆರಿಗೆ ವಸೂಲಿಗಾರ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದಾಗ ಯೇಸು ‘ಈ ಹೊತ್ತು ಈ ಮನೆಗೆ ರಕ್ಷಣೆ ಬಂತು’ ಎಂದ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿ ಹೋಗು ಎಂಬುದು ಮತ್ತಾಯ 5:23-24. ಪಾಪನಿವೇದನೆಯ ಕಥೋಲಿಕ ಪದ್ಧತಿಯಲ್ಲೂ ಕದ್ದದ್ದನ್ನು ಹಿಂತಿರುಗಿಸುವ ಹೊಣೆ ಕ್ಷಮೆಯಿಂದ ಅಳಿಯುವುದಿಲ್ಲ.

ನೊಂದವರು ಕ್ಷಮಿಸಲೇಬೇಕೇ? ಸಂಬಂಧ ಮತ್ತೆ ಕೂಡಿಸಲೇಬೇಕೇ?

ಕ್ಷಮೆ ಮತ್ತು ರಾಜಿ ಎರಡು ಬೇರೆ. ಕ್ಷಮೆಯೆಂದರೆ ಸೇಡು ಬಿಡುವುದು, ಒಬ್ಬರಿಂದಲೇ ಆಗಬಹುದು, ಕಾಲ ಹಿಡಿಯಬಹುದು. ರಾಜಿಗೆ ಇನ್ನೊಬ್ಬರ ಪಶ್ಚಾತ್ತಾಪ, ಬದಲಾದ ನಡತೆ, ಸುರಕ್ಷತೆ ಎಲ್ಲವೂ ಬೇಕು. ಲೂಕ 17:3ರಲ್ಲೂ ಮೊದಲು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದಿದೆ. ಹೊಡೆಯುವ ಗಂಡನ ಮನೆಗೆ ‘ಎಪ್ಪತ್ತೇಳು ಸಾರಿ ಕ್ಷಮಿಸು’ ಎಂದು ವಚನ ಹೇಳಿ ಹೆಂಡತಿಯನ್ನು ವಾಪಸು ಕಳಿಸುವುದು ಆ ವಚನದ ದುರುಪಯೋಗ.

ಮತ್ತಾಯ 18:15-17ರ ಹೆಜ್ಜೆಗಳೂ ಹೀಗೇ ತಪ್ಪಾಗಿ ಬಳಕೆಯಾಗುತ್ತವೆ: ಮೊದಲು ಒಂಟಿಯಾಗಿ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು. ಸಮಾನರ ನಡುವಿನ ಮನಸ್ತಾಪಕ್ಕೆ ಇದು ಒಳ್ಳೆಯ ಕ್ರಮ. ಮಕ್ಕಳ ಮೇಲಿನ ದೌರ್ಜನ್ಯ, ಲೈಂಗಿಕ ಹಲ್ಲೆ, ಹಣದ ವಂಚನೆ ಇವೆಲ್ಲ ಅಪರಾಧಗಳು. ಇಲ್ಲಿ ಬಲಿಯಾದವರನ್ನು ಒಂಟಿಯಾಗಿ ಎದುರಿಗೆ ಕಳಿಸುವುದು ಎರಡನೇ ಹಿಂಸೆ. ತಪ್ಪು ಮಾಡಿದವರನ್ನು ದಂಡಿಸುವ ಅಧಿಕಾರ ಸರ್ಕಾರಕ್ಕಿದೆ ಎಂದು ರೋಮಾ 13:4 ಹೇಳುವುದರಿಂದ ದೂರು ಕೊಡುವುದು ನಂಬಿಕೆಗೆ ವಿರುದ್ಧವಲ್ಲ. 2019ರಲ್ಲಿ ಪೋಪ್ ಫ್ರಾನ್ಸಿಸ್ ‘ವೋಸ್ ಎಸ್ಟಿಸ್ ಲುಕ್ಸ್ ಮುಂಡಿ’ ಆದೇಶದಲ್ಲಿ, ಇಂಥ ದೌರ್ಜನ್ಯದ ವಿಷಯ ತಿಳಿದ ಗುರುಗಳು ಮತ್ತು ಧಾರ್ಮಿಕ ಸಹೋದರ ಸಹೋದರಿಯರು ಚರ್ಚಿನ ಅಧಿಕಾರಿಗಳಿಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿದರು. ಆಯಾ ದೇಶದ ಕಾನೂನು ವಿಧಿಸುವ ಹೊಣೆಗಳನ್ನು ಅದು ಹಾಗೆಯೇ ಉಳಿಸುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ನೊಂದವರ ಸುರಕ್ಷತೆ, ಕೂಡಲೇ ಪೊಲೀಸರಿಗೆ ಅಥವಾ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ದೂರು, ನಂತರ ಸಭೆಯ ಶಿಸ್ತುಕ್ರಮ. ಕ್ಷಮೆಯ ಮಾತನ್ನು ಯಾವಾಗ ಎತ್ತಬೇಕೆಂಬುದು ನೊಂದವರಿಗೆ ಬಿಟ್ಟದ್ದು. ಪಾದ್ರಿಗೂ ಅಲ್ಲ, ಮನೆಯವರಿಗೂ ಅಲ್ಲ.